ಸತ್ತ ಕೋಳಿಗೂ ಬೆಲೆ ಕಟ್ಟಬೇಕು

2020ರ ಮಾರ್ಚ್ ಮಧ್ಯಭಾಗದಲ್ಲಿ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ ಕೋಳಿಗಳು ಸಾಯತೊಡಗಿದವು. ಮಾದರಿಗಳು ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಹೋದವು. ಹಕ್ಕಿಜ್ವರವೇ ಎಂದು ಖಚಿತವಾಯಿತು. ಅದೇ ದಿನಗಳಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಿಂದಲೂ ಅಂಥದೇ ಸುದ್ದಿ ಬಂತು. ಬೇರೆ ಯಾವ ವರ್ಷವಾಗಿದ್ದರೂ ಅದು ವಾರಗಟ್ಟಲೆ ಮುಖಪುಟದಲ್ಲಿ ಇರುತ್ತಿತ್ತು. ಆದರೆ ಆಗಷ್ಟೇ ಕಲಬುರಗಿಯಲ್ಲಿ ದೇಶದ ಮೊದಲ ಕೊರೊನಾ ಸಾವು ವರದಿಯಾಗಿತ್ತು. ಹತ್ತು ದಿನ ಕಳೆಯುವುದರೊಳಗೆ ಇಡೀ ದೇಶಕ್ಕೆ ಬೀಗ ಬಿತ್ತು. ಬನ್ನಿಕೋಡು ಎಲ್ಲರಿಗೂ ಮರೆತುಹೋಯಿತು.

ನಮ್ಮ ಭಾಗದವರು ಅದನ್ನು ಮರೆಯಬಾರದಿತ್ತು. ಹರಿಹರ ಸೀಮೆಗೂ ರಾಣೆಬೆನ್ನೂರು ಸೀಮೆಗೂ ನಡುವೆ ಇರುವುದು ತುಂಗಭದ್ರೆ ಮಾತ್ರ. ಐರಣಿಯಂಥ ಹೊಳೆಸಾಲಿನ ಊರುಗಳ ಜನಕ್ಕೆ ಆ ದಂಡೆ ಪರಊರಲ್ಲ. ಬೀಗತನ ಅಲ್ಲಿದೆ, ಸಂತೆ ಅಲ್ಲಿದೆ, ಆಸ್ಪತ್ರೆ ಅಲ್ಲಿದೆ. ಕೋಳಿ ಹೇರಿದ ಗಾಡಿಗಳು ದಿನವೂ ಸೇತುವೆ ದಾಟುತ್ತವೆ. ಜಿಲ್ಲೆಯ ಗಡಿ ನಕಾಶೆಯಲ್ಲಿದೆ, ವೈರಾಣುವಿಗೆ ಅದು ಕಾಣುವುದಿಲ್ಲ. ಹಾವೇರಿ ಜಿಲ್ಲೆಗೆ ಈ ರೋಗ ಬಂದರೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರವಾಗಿ ಸರ್ಕಾರದ ಬಳಿ ದಪ್ಪನೆಯ ಕಾರ್ಯಯೋಜನೆ ಇದೆ. ಆದರೆ ರೋಗ ಬಂದಿದೆ ಎಂಬುದು ಮೊದಲು ಯಾರಿಗೆ ಗೊತ್ತಾಗುತ್ತದೆ, ಗೊತ್ತಾದವರು ಅದನ್ನು ಯಾಕೆ ಬಾಯಿಬಿಟ್ಟು ಹೇಳಬೇಕು ಎಂಬ ಪ್ರಶ್ನೆಯನ್ನು ಆ ಯೋಜನೆ ಸರಿಯಾಗಿ ಎದುರಿಸಿಲ್ಲ. ನನ್ನ ವಾದವೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಮೊದಲು ರೋಗದ ವಿಚಾರ. ಇನ್‌ಫ್ಲುಯೆಂಜಾ ‘ಎ’ ವೈರಾಣುಗಳ ಹುಟ್ಟುಮನೆ ನೀರುಹಕ್ಕಿಗಳ ಕರುಳು. ಬಾತು, ಹೆಬ್ಬಾತುಗಳ ಹೊಟ್ಟೆಯಲ್ಲಿ ಅವು ಹೆಚ್ಚು ತೊಂದರೆ ಕೊಡದೆ ಇದ್ದುಬಿಡುತ್ತವೆ. ಅವುಗಳಲ್ಲಿ ಎಚ್‌5, ಎಚ್‌7 ಎಂಬ ಬಗೆಗಳು ಕೋಳಿಗಳ ಗುಂಪಿಗೆ ನುಗ್ಗಿದರೆ ಕೆಲವೊಮ್ಮೆ ರೂಪ ಬದಲಿಸಿ ಕೊಲ್ಲುವ ರೋಗವಾಗುತ್ತವೆ. ಈಗ ಜಗತ್ತನ್ನು ಸುತ್ತುತ್ತಿರುವ ಎಚ್‌5ಎನ್‌1 ವಂಶದ ಮೂಲವನ್ನು 1996ರಲ್ಲಿ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಒಂದು ಹೆಬ್ಬಾತಿನಲ್ಲಿ ಗುರುತಿಸಲಾಯಿತು. ಮರುವರ್ಷ ಹಾಂಗ್‌ಕಾಂಗಿನಲ್ಲಿ ಅದು 18 ಜನರಿಗೆ ತಗುಲಿತು, ಆರು ಜನ ಸತ್ತರು. ಅಲ್ಲಿನ ಸರ್ಕಾರ ಕೆಲವೇ ದಿನಗಳಲ್ಲಿ ಊರಿನ ಕೋಳಿಗಳನ್ನೆಲ್ಲ ಕೊಲ್ಲಿಸಿತು. 2003ರಿಂದ ಈಚೆಗೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕಕ್ಕೆ ಸಿಕ್ಕಿರುವ ಎಚ್‌5ಎನ್‌1 ರೋಗಿಗಳು ಸುಮಾರು ಒಂದು ಸಾವಿರ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಬದುಕುಳಿಯಲಿಲ್ಲ. ಆಸ್ಪತ್ರೆಗೆ ಬಾರದ, ಸಣ್ಣ ಜ್ವರದಲ್ಲೇ ಕಳೆದುಹೋದ ಪ್ರಕರಣಗಳು ಈ ಲೆಕ್ಕದಲ್ಲಿಲ್ಲ. 2024ರಿಂದ ಅಮೆರಿಕದ ಹಾಲಿನ ಹಸುಗಳಿಗೂ ಇದು ತಗುಲಿ, ಅಲ್ಲಿ ಸೋಂಕು ತಗುಲಿದ ಕೆಲಸಗಾರರಲ್ಲಿ ಬಹುಪಾಲು ಜನಕ್ಕೆ ಕಣ್ಣು ಕೆಂಪಗಾಗಿ ವಾಸಿಯಾಯಿತು. ಹಾಗಾಗಿ ‘ಇಬ್ಬರಲ್ಲಿ ಒಬ್ಬರು ಸಾಯುತ್ತಾರೆ’ ಎಂದು ಹೆದರಿಸುವುದು ಸರಿಯಲ್ಲ. ಹಾಗೆಂದು ಹಗುರವಾಗಿ ಕಾಣುವಂಥದೂ ಅಲ್ಲ. ಮನುಷ್ಯರಿಂದ ಮನುಷ್ಯರಿಗೆ ಸಲೀಸಾಗಿ ದಾಟುವ ಕಸುಬನ್ನು ಈ ವೈರಾಣು ಇನ್ನೂ ಕಲಿತಿಲ್ಲ. ಅದು ಕಲಿಯುವುದಕ್ಕೆ ಬೇಕಾದದ್ದು ಅವಕಾಶ. ಸೋಂಕಿದ ಕೋಳಿಯನ್ನು ಬರಿಗೈಯಲ್ಲಿ ಹಿಡಿದ ಪ್ರತಿಯೊಂದು ಸಲವೂ ಅಂಥ ಒಂದು ಅವಕಾಶ ಸಿಕ್ಕಂತೆಯೇ.

ಭಾರತಕ್ಕೆ ಅದು ಬಂದದ್ದು 2006ರ ಫೆಬ್ರುವರಿಯಲ್ಲಿ, ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ನವಾಪುರದ ಮೊಟ್ಟೆಕೋಳಿ ಫಾರಂಗಳಿಗೆ. 2008ರಲ್ಲಿ ಪಶ್ಚಿಮ ಬಂಗಾಳದ ಹಿತ್ತಲು ಹಿತ್ತಲಿಗೂ ಹೊಕ್ಕಿತು. ಸುಮಾರು 40 ಲಕ್ಷ ಕೋಳಿ ಬಾತುಗಳನ್ನು ಕೊಲ್ಲಬೇಕಾಯಿತು. ಕರ್ನಾಟಕದಲ್ಲಿ 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಹೆಸರಘಟ್ಟದಲ್ಲಿ, 2016ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನಲ್ಲಿ, 2020ರಲ್ಲಿ ಬನ್ನಿಕೋಡು ಮತ್ತು ಮೈಸೂರಿನಲ್ಲಿ, 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲೂ ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲೂ ಕಾಣಿಸಿಕೊಂಡಿತು. ಇವುಗಳಲ್ಲಿ ಹೆಸರಘಟ್ಟದ್ದು ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆ. ಕುರೇಕುಪ್ಪದ್ದು ಕೂಡ ಸರ್ಕಾರಿ ಕೋಳಿ ಸಾಕಣೆ ಕೇಂದ್ರವೇ. ವೈದ್ಯರು ಕೈಯಳತೆಯಲ್ಲಿದ್ದು, ನಿಯಮಗಳನ್ನು ಬಲ್ಲವರೇ ಸಾಕುತ್ತಿದ್ದ ಕಡೆಯೂ ರೋಗ ಖಚಿತವಾಗುವ ಹೊತ್ತಿಗೆ ಸಾವಿರಾರು ಹಕ್ಕಿಗಳು ಸತ್ತಿದ್ದವು. ತಪ್ಪು ಹುಡುಕಲು ಇದನ್ನು ಹೇಳುತ್ತಿಲ್ಲ. ಅಂಥ ಜಾಗದಲ್ಲೇ ಹಾಗಾದರೆ, ಹತ್ತು ಹ್ಯಾಟೆ ಒಂದು ಹುಂಜ ಸಾಕಿಕೊಂಡ ಹೊಳೆಸಾಲಿನ ಹೆಣ್ಣುಮಗಳಿಂದ ನಾವು ನಿರೀಕ್ಷಿಸುವುದಾದರೂ ಏನು ಎಂದು ಯೋಚಿಸಬೇಕಾಗಿದೆ.

ಅವಳ ಮನೆಯಲ್ಲಿ ಏನಾಗುತ್ತದೆ ನೋಡಿ. ಬೇಸಿಗೆ ಮೊದಲಾಗುವ ಹೊತ್ತಿಗೆ ಕೋಳಿಗಳಿಗೆ ‘ಬ್ಯಾನಿ’ ಬರುವುದು ನಮ್ಮ ಹಳ್ಳಿಗಳಲ್ಲಿ ಹೊಸದಲ್ಲ. ಹೆಚ್ಚಾಗಿ ಅದು ಕೊಕ್ಕರೆ ರೋಗ. ಅದು ಬಂದರೆ ಕೋಳಿ ತೂಕಡಿಸುತ್ತದೆ, ಬಾಯಿ ತೆರೆದು ಉಸಿರೆಳೆಯುತ್ತದೆ, ಹಸಿರು ಬಿಳಿ ಹಿಕ್ಕೆ ಹಾಕುತ್ತದೆ, ಕತ್ತು ತಿರುಚಿಕೊಂಡು ಸಾಯುತ್ತದೆ. ಹಕ್ಕಿಜ್ವರದಲ್ಲಿ ಜುಟ್ಟು, ಗದ್ದದ ಜೋಲುಗಳು ಊದಿ ನೀಲಿಗಟ್ಟುತ್ತವೆ, ಕಾಲಿನ ಚರ್ಮದಡಿ ರಕ್ತದ ಕಲೆಗಳು ಕಾಣುತ್ತವೆ ಎಂದು ಪುಸ್ತಕದಲ್ಲಿದೆ. ಆದರೆ ಎಷ್ಟೋ ಸಲ ಯಾವ ಗುರುತೂ ತೋರದೆ ರಾತ್ರಿ ಬುಟ್ಟಿ ಮುಚ್ಚಿದಾಗ ಇದ್ದ ಕೋಳಿ ಬೆಳಗಿಗೆ ಸತ್ತು ಬಿದ್ದಿರುತ್ತದೆ. ಎರಡು ದಿನದಲ್ಲಿ ಹಿತ್ತಲು ಖಾಲಿ. ಬರಿಗಣ್ಣಿಗೆ ಎರಡು ರೋಗಗಳನ್ನು ಬೇರೆ ಮಾಡುವುದು ಪಶುವೈದ್ಯರಿಗೇ ಕಷ್ಟ, ಪ್ರಯೋಗಾಲಯವೇ ಹೇಳಬೇಕು. ಹಾಗಿರುವಾಗ ಅವಳು ಇದನ್ನು ಪ್ರತಿವರ್ಷದ ಬ್ಯಾನಿ ಎಂದೇ ತಿಳಿಯುತ್ತಾಳೆ.

ಆಮೇಲೆ ಅವಳು ಮಾಡುವುದು ತಲೆಮಾರುಗಳಿಂದ ಬಂದ ಲೆಕ್ಕಾಚಾರ. ನಾಲ್ಕು ಸತ್ತವು, ಇನ್ನೂ ಆರು ತೂಕಡಿಸುತ್ತಿವೆ. ಸಾಯುವ ಮೊದಲೇ ಕೊಯ್ದರೆ ಮನೆಗೆ ಒಂದು ಹೊತ್ತಿನ ಸಾರು. ಸಂತೆಗೆ ಒಯ್ದರೆ ಅರ್ಧ ಬೆಲೆಯಾದರೂ ಸಿಕ್ಕೀತು. ಇದರಲ್ಲಿ ದುರಾಸೆ ಇಲ್ಲ, ಅಜ್ಞಾನವೂ ಇಲ್ಲ. ಬಡತನದಲ್ಲಿ ಏನನ್ನೂ ಹಾಳು ಮಾಡಬಾರದೆಂಬ ವಿವೇಕವಿದೆ. ಜವಾರಿ ಕೋಳಿ ಅವಳಿಗೆ ಬ್ಯಾಂಕಿನಲ್ಲಿಟ್ಟ ದುಡ್ಡಿದ್ದಂತೆ. ಮಗನ ಶಾಲೆಯ ಖರ್ಚು, ಮಗಳು ಬಾಣಂತನಕ್ಕೆ ಬಂದಾಗಿನ ಉಪಚಾರ, ದ್ಯಾಮವ್ವನ ಜಾತ್ರೆ ಎಲ್ಲಕ್ಕೂ ಗಂಡನ ಮುಂದೆ ಕೈಚಾಚದೆ ಸಿಗುವ ಹಣ ಅದು.

ಆದರೆ ಅಪಾಯ ಇರುವುದೂ ಸರಿಯಾಗಿ ಅಲ್ಲಿಯೇ. 70 ಡಿಗ್ರಿ ಸೆಲ್ಸಿಯಸ್ ಮೀರಿ ಒಳಗೆಲ್ಲ ಬೆಂದ ಮಾಂಸದಲ್ಲಿ, ಮೊಟ್ಟೆಯಲ್ಲಿ ವೈರಾಣು ಉಳಿಯುವುದಿಲ್ಲ. ನಮ್ಮ ಅಡುಗೆಯ ಕುದಿತಕ್ಕೆ ಅದು ನಿಲ್ಲಲಾರದು. ಆದ್ದರಿಂದ ತಿನ್ನುವವರಿಗಿಂತ ಕೊಯ್ಯುವವರಿಗೆ, ಪುಕ್ಕ ತರಿಯುವವರಿಗೆ, ಕರುಳು ತೆಗೆಯುವವರಿಗೆ, ಹಿಕ್ಕೆ ಬಳಿಯುವವರಿಗೆ, ಅದರ ಪಕ್ಕದಲ್ಲೇ ಆಡುವ ಮಕ್ಕಳಿಗೆ ಹೆಚ್ಚಿನ ಅಪಾಯ. 2025ರ ಮಾರ್ಚಿನಲ್ಲಿ ಆಂಧ್ರದ ಪಲ್ನಾಡು ಜಿಲ್ಲೆಯ ನರಸರಾವುಪೇಟೆಯ ಎರಡು ವರ್ಷದ ಹೆಣ್ಣುಮಗು ಮಂಗಳಗಿರಿಯ ಏಮ್ಸ್‌ನಲ್ಲಿ ತೀರಿಕೊಂಡಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದು ಎಚ್‌5ಎನ್‌1 ಎಂದು ಖಚಿತಪಡಿಸಿತು. ಮನೆಯಲ್ಲಿ ಕೋಳಿ ಹೆಚ್ಚುವಾಗ ಮಗುವಿಗೆ ಹಸಿ ತುಣುಕೊಂದನ್ನು ಕೊಟ್ಟಿದ್ದರೆಂದು ವರದಿಯಾಯಿತು. ಅದಕ್ಕೂ ಮೊದಲು, 2021ರ ಜುಲೈನಲ್ಲಿ, ಹರಿಯಾಣದ 11 ವರ್ಷದ ಬಾಲಕ ದೆಹಲಿಯ ಏಮ್ಸ್‌ನಲ್ಲಿ ಇದೇ ಸೋಂಕಿನಿಂದ ಸತ್ತಿದ್ದ. ಈ ಎರಡೂ ಸಾವುಗಳು ಮಕ್ಕಳವೇ. ಹಸಿ ಮಾಂಸವನ್ನು ಬಾಯಿಗಿಟ್ಟ ಆ ತಾಯಿಯನ್ನು ದೂರುವವರು, ನಮ್ಮ ಎಷ್ಟು ಅಡುಗೆಮನೆಗಳಲ್ಲಿ ಕೋಳಿ ಹೆಚ್ಚಿದ ಕೈ ತೊಳೆಯದೆಯೇ ಮಗುವಿನ ಮೂಗು ಒರೆಸುತ್ತದೆ ಎಂದು ನೋಡಿಕೊಳ್ಳಲಿ.

ಹಾಗಾದರೆ ಆ ಹೆಣ್ಣುಮಗಳು ತೂಕಡಿಸುವ ಕೋಳಿಯನ್ನು ಕೊಯ್ಯದೆ, ಮಾರದೆ, ಸತ್ತದ್ದನ್ನು ಹೊಳೆಗೆ ಎಸೆಯದೆ, ಪಶು ಆಸ್ಪತ್ರೆಗೆ ಸುದ್ದಿ ಕೊಡಬೇಕು. ಕಾನೂನು ಕೂಡ ಅದನ್ನೇ ಹೇಳುತ್ತದೆ. 2009ರ ಪಶುಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯ ಪ್ರಕಾರ ಪಟ್ಟಿಯಲ್ಲಿರುವ ರೋಗದ ಅನುಮಾನ ಬಂದರೆ ಸಾಕಿದವರು ಗ್ರಾಮದ ಅಧಿಕಾರಿಗೋ ಪಂಚಾಯಿತಿಗೋ ತಿಳಿಸಲೇಬೇಕು. ಅವರು ಹತ್ತಿರದ ಪಶುವೈದ್ಯರಿಗೆ ಮುಟ್ಟಿಸಬೇಕು. ಹಕ್ಕಿಜ್ವರ ಆ ಪಟ್ಟಿಯಲ್ಲಿದೆ.

ಅವಳು ಹಾಗೆ ತಿಳಿಸಿದಳೆಂದೇ ಇಟ್ಟುಕೊಳ್ಳೋಣ. ಮಾದರಿ ಭೋಪಾಲಕ್ಕೆ ಹೋಗಿ ಬರುವಷ್ಟರಲ್ಲಿ ಅವಳ ಕೋಳಿಗಳೆಲ್ಲ ಸತ್ತಿರುತ್ತವೆ. ರೋಗ ಖಚಿತವಾದರೆ ಸುತ್ತ ಒಂದು ಕಿಲೋಮೀಟರಿನ ಎಲ್ಲ ಸಾಕುಹಕ್ಕಿಗಳನ್ನೂ ಕೊಲ್ಲಬೇಕು, ಹತ್ತು ಕಿಲೋಮೀಟರಿನವರೆಗೆ ನಿಗಾ ಇಡಬೇಕು. ಬಿಳಿ ರಕ್ಷಣಾ ಉಡುಪಿನ ತಂಡ ಬರುತ್ತದೆ, ನೆರೆಹೊರೆಯ ಕೋಳಿಗಳನ್ನೂ ಹಿಡಿದೊಯ್ಯುತ್ತದೆ, ಗುಂಡಿ ತೋಡಿ ಸುಣ್ಣ ಹಾಕಿ ಹೂಳುತ್ತದೆ. ಕೊಂದ ಹಕ್ಕಿಗಳಿಗೆ, ನಾಶಪಡಿಸಿದ ಮೊಟ್ಟೆ ಮತ್ತು ಮೇವಿಗೆ ಸರ್ಕಾರ ಪರಿಹಾರ ಕೊಡುತ್ತದೆ. ಕೇಂದ್ರ ಮತ್ತು ರಾಜ್ಯ ಅರ್ಧರ್ಧ ಭರಿಸುತ್ತವೆ. ತಂಡ ಬರುವ ಮೊದಲೇ ರೋಗದಿಂದ ಸತ್ತ ಹಕ್ಕಿಗೆ ಮಾತ್ರ ಪರಿಹಾರವಿಲ್ಲ. ಕೊನೆಗೆ ಏನಾಯಿತು? ಪರಿಹಾರ ನೆರೆಮನೆಯವರಿಗೆ ಬಂತು, ಸುದ್ದಿ ಕೊಟ್ಟವಳಿಗೆ ಬರಲಿಲ್ಲ. ಮೇಲಿಂದ ಓಣಿಯ ಕೋಳಿಗಳನ್ನೆಲ್ಲ ಕೊಲ್ಲಿಸಿದವಳೆಂಬ ಮಾತು ಜೀವಮಾನವಿಡೀ ಅವಳ ಬೆನ್ನಿಗೆ. ಮುಂದಿನ ಬೇಸಿಗೆಯಲ್ಲಿ ಕೋಳಿ ಸತ್ತರೆ ಆ ಊರಿನಲ್ಲಿ ಯಾರು ಬಾಯಿ ತೆರೆಯುತ್ತಾರೆ?

ಈ ನಿಯಮಕ್ಕೂ ಒಂದು ತರ್ಕವಿದೆ, ಅದನ್ನು ಒಪ್ಪಿಕೊಂಡೇ ಮಾತಾಡಬೇಕು. ಸತ್ತದ್ದಕ್ಕೂ ದುಡ್ಡು ಸಿಗುವುದಾದರೆ ಜನ ಎಲ್ಲವೂ ಸಾಯುವ ತನಕ ಕಾಯಬಹುದು. ಬದುಕಿರುವ ಹಕ್ಕಿಗೆ ಮಾತ್ರ ಬೆಲೆಯಿದ್ದರೆ ಮೊದಲ ಕೋಳಿ ಸತ್ತ ದಿನವೇ ಓಡಿ ಬರುತ್ತಾರೆ ಎಂಬುದು ಆ ತರ್ಕ. ಐವತ್ತು ಸಾವಿರ ಮೊಟ್ಟೆಕೋಳಿಗಳ ಫಾರಂಗೆ ಇದು ಒಪ್ಪುವ ಮಾತು. ಅಲ್ಲಿ ಒಂದು ಶೆಡ್ಡಿನಲ್ಲಿ ಸಾವು ಹೆಚ್ಚಿದಾಗ ಉಳಿದ ಶೆಡ್ಡುಗಳನ್ನು ಲೆಕ್ಕಕ್ಕೆ ಹಿಡಿಸಬಹುದು, ಮಾಲೀಕನಿಗೆ ಫೋನು, ವೈದ್ಯ, ವಾಹನ ಎಲ್ಲವೂ ಇವೆ. ಹತ್ತು ಕೋಳಿಯ ಹಿತ್ತಲಿಗೆ ಅದು ಹೊಂದುವುದಿಲ್ಲ. ಅಲ್ಲಿ ಮೊದಲ ಕೋಳಿಯಿಂದ ಕೊನೆಯ ಕೋಳಿಯವರೆಗಿನ ಅವಧಿ ಎರಡೇ ದಿನ, ಆ ಎರಡು ದಿನದಲ್ಲಿ ಯಾವ ತಂಡವೂ ಬಂದು ಲೆಕ್ಕ ಹಿಡಿಯುವುದಿಲ್ಲ. ದೊಡ್ಡ ಫಾರಮ್ಮನ್ನು ಕಣ್ಣಮುಂದಿಟ್ಟು ಬರೆದ ನಿಯಮವನ್ನು ಹಿತ್ತಲಿಗೂ ಎಳೆದು ಹೊಚ್ಚಿದ್ದೇ ತಪ್ಪು.

ಕಂತ್ರಾಟಿನ ಸಾಕಣೆದಾರನ ಸ್ಥಿತಿ ಇನ್ನೊಂದು ಬಗೆಯದು. ಬ್ರಾಯ್ಲರ್ ಕೋಳಿ ಸಾಕುವ ರೈತರಲ್ಲಿ ಬಹಳ ಜನ ಇಂದು ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡವರು. ಮರಿ ಕಂಪನಿಯದು, ಮೇವು ಕಂಪನಿಯದು, ಔಷಧ ಕಂಪನಿಯದು. ಶೆಡ್ಡು, ನೀರು, ಕರೆಂಟು, ಹೊಟ್ಟು, ಹಗಲಿರುಳಿನ ದುಡಿಮೆ ರೈತನವು. ಶೆಡ್ಡಿಗೆ ಮಾಡಿದ ಸಾಲವೂ ಅವನದೇ. ಆರು ವಾರ ಸಾಕಿ ತೂಗಿಕೊಟ್ಟರೆ ಕಿಲೋಗೆ ಇಷ್ಟು ಎಂದು ಸಾಕಣೆ ಕೂಲಿ ಸಿಗುತ್ತದೆ. ಹಕ್ಕಿಜ್ವರ ಬಂದು ಕೋಳಿಗಳನ್ನು ಕೊಂದರೆ ಹಕ್ಕಿಯ ಬೆಲೆ ಹಕ್ಕಿಯ ಒಡೆಯನದು. ಆ ಬ್ಯಾಚಿನ ಕೂಲಿ, ಮುಂದೆ ಮೂರು ತಿಂಗಳು ನಿಗಾ ಮುಗಿದು ಮತ್ತೆ ಮರಿ ಬರುವವರೆಗೆ ಖಾಲಿ ಬಿದ್ದ ಶೆಡ್ಡಿನ ಬಡ್ಡಿ, ಇವು ಯಾರ ಲೆಕ್ಕದಲ್ಲೂ ಇಲ್ಲ. ರೋಗವನ್ನು ಮೊದಲು ಕಾಣುವವನು ಅವನೇ. ದಿನಕ್ಕೆ ಎಷ್ಟು ಕೋಳಿ ಸತ್ತವೆಂದು ಬರೆದಿಡುವ ಪಟ್ಟಿಯೂ ಅವನ ಕೈಯಲ್ಲೇ ಇರುತ್ತದೆ. ಆದರೆ ಸುದ್ದಿ ಸರ್ಕಾರಕ್ಕೆ ಹೋಗಬೇಕೆ ಬೇಡವೆ ಎಂಬ ನಿರ್ಧಾರ ಅವನದಾಗಿ ಉಳಿದಿರುವುದಿಲ್ಲ.

ಬಾಯಿ ಕಟ್ಟುವ ಮತ್ತೊಂದು ಸಂಗತಿ ಮಾರುಕಟ್ಟೆಯ ಭಯ. 2020ರ ಫೆಬ್ರುವರಿ, ಮಾರ್ಚಿನಲ್ಲಿ ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ಸುಳ್ಳು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಅದರ ಹಿಂದೆಯೇ ನಿಜವಾದ ಹಕ್ಕಿಜ್ವರದ ಸುದ್ದಿ ಸೇರಿತು. ಮರಿ ಮತ್ತು ಮೇವಿಗೆ ಹಾಕಿದ್ದೂ ಹುಟ್ಟದಷ್ಟು ಬೆಲೆ ಬಿತ್ತು. ಗೋಕಾಕ ತಾಲ್ಲೂಕಿನ ಸಾಕಣೆದಾರರೊಬ್ಬರು ಮೇವು ಹಾಕಲಾರದೆ ಸಾವಿರಾರು ಜೀವಂತ ಕೋಳಿಗಳನ್ನು ಗುಂಡಿಗೆ ಹಾಕಿ ಮುಚ್ಚಿದ ದೃಶ್ಯವನ್ನು ನಾಡೆಲ್ಲ ನೋಡಿತು. ಅಲ್ಲಿಗೇ ಮುಗಿಯಲಿಲ್ಲ. ಕೋಳಿಯ ಮೇವಿನಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಗೋವಿನಜೋಳ. ಹಾವೇರಿ, ದಾವಣಗೆರೆ ಜಿಲ್ಲೆಗಳ ಮಳೆಯಾಶ್ರಿತ ಹೊಲಗಳಲ್ಲಿ ಕಣ್ಣು ಹಾಯಿಸಿದಷ್ಟೂ ಅದೇ ಬೆಳೆ. ಆ ವರ್ಷ ಕ್ವಿಂಟಲಿಗೆ ಬೆಂಬಲ ಬೆಲೆ 1,760 ರೂಪಾಯಿ ಇದ್ದರೂ ಮಾರುಕಟ್ಟೆಯಲ್ಲಿ ಅದರ ಹತ್ತಿರಕ್ಕೂ ಧಾರಣೆ ಬರಲಿಲ್ಲ. ಕೊನೆಗೆ ರಾಜ್ಯ ಸರ್ಕಾರ ಗೋವಿನಜೋಳ ಬೆಳೆದ ಸುಮಾರು 10 ಲಕ್ಷ ರೈತರಿಗೆ ತಲಾ 5,000 ರೂಪಾಯಿ ಘೋಷಿಸಬೇಕಾಯಿತು. ಲಾಕ್‌ಡೌನ್ ಅದಕ್ಕೆ ದೊಡ್ಡ ಕಾರಣ, ನಿಜ. ಆದರೆ ಕೋಳಿ ಮಾರುಕಟ್ಟೆ ಅದಕ್ಕೂ ಮೊದಲೇ ಕುಸಿದಿತ್ತು. ಕೋಳಿಯನ್ನು ಮನೆಯೊಳಗೆ ತರದ ಒಕ್ಕಲಿನವರ ಬದುಕೂ ಕೋಳಿಯ ಆರೋಗ್ಯಕ್ಕೆ ಕಟ್ಟಿಕೊಂಡಿದೆ ಎಂಬುದು ಆ ವರ್ಷ ನಮ್ಮ ಭಾಗಕ್ಕೆ ಸ್ಪಷ್ಟವಾಗಬೇಕಿತ್ತು. 2024ರ ಸೆಪ್ಟೆಂಬರಿನಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ವಾರದ ಆರು ದಿನವೂ ಮೊಟ್ಟೆ ಸಿಗುತ್ತಿದೆ. ಬಡವರ ಮಕ್ಕಳ ಮೈಗೆ ಹತ್ತುವ ಆ ಆಹಾರ ಹಕ್ಕಿಜ್ವರದ ಗದ್ದಲದಲ್ಲಿ ತಟ್ಟೆಯಿಂದ ಮರೆಯಾಗಬಾರದು. ಪ್ರತಿ ಸಲ ರೋಗ ಬಂದಾಗ ‘ತಿನ್ನುವುದನ್ನೇ ಬಿಡಿ’ ಎಂದು ಉಪದೇಶ ಮಾಡುವವರು ಎದ್ದು ನಿಲ್ಲುತ್ತಾರೆ. ಅವರ ಆಹಾರ ಅವರ ಆಯ್ಕೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ರೋಗದ ಹೊತ್ತಿನಲ್ಲಿ ಆ ಉಪದೇಶ ಮಾಡುವ ಕೆಲಸ ಒಂದೇ: ಕೋಳಿ ಸಾಕುವವರಿಗೆ ನಾಚಿಕೆ ಹುಟ್ಟಿಸುವುದು. ನಾಚಿಕೆಪಟ್ಟವರು ಇನ್ನಷ್ಟು ಬಚ್ಚಿಡುತ್ತಾರೆ.

ಇನ್ನೊಂದು ಆಪಾದನೆ ವಲಸೆ ಹಕ್ಕಿಗಳ ಮೇಲೆ. ನಮ್ಮ ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ಜಾಗತಿಕ ಮಹತ್ವದ ಜೌಗುನೆಲೆಗಳ ರಾಮ್ಸರ್ ಪಟ್ಟಿಗೂ ಸೇರಿತು. 2005ರಲ್ಲಿ ಚೀನಾದ ಚಿಂಗ್‌ಹೈ ಸರೋವರದಲ್ಲಿ ಎಚ್‌5ಎನ್‌1ನಿಂದ ಸತ್ತ ಸಾವಿರಾರು ಹಕ್ಕಿಗಳಲ್ಲಿ ಹೆಚ್ಚಿನವು ಇದೇ ಜಾತಿಯವು. 2021ರ ಜನವರಿಯಲ್ಲಿ ಹಿಮಾಚಲದ ಪೊಂಗ್ ಜಲಾಶಯದಲ್ಲೂ ಅವೇ ಸತ್ತವು. ಹಾಗಾಗಿ ಕೆರೆಗಳ ಮೇಲೆ ಕಣ್ಣಿಡುವುದು ಅಗತ್ಯ. ಸತ್ತ ಹಕ್ಕಿ ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ಹೇಳಬೇಕು, ಸಾಕುಬಾತುಗಳನ್ನು ಅಂಥ ಕೆರೆಗೆ ಬಿಡಬಾರದು. ಆದರೆ ಹಕ್ಕಿ ಕೆರೆಯ ತನಕ ತಂದ ವೈರಾಣುವನ್ನು ಊರಿಂದೂರಿಗೆ ಹೊತ್ತು ತಿರುಗಿಸುವುದು ಬಹುಮಟ್ಟಿಗೆ ನಾವೇ. ತೊಳೆಯದ ಕ್ರೇಟು, ಮರಳಿ ಬಳಸುವ ಮೊಟ್ಟೆಯ ಟ್ರೇ, ಒಂದು ಫಾರಮ್ಮಿನಿಂದ ಇನ್ನೊಂದಕ್ಕೆ ಹೋಗುವ ಮೇವಿನ ಗಾಡಿಯ ಗಾಲಿ, ಗೊಬ್ಬರವೆಂದು ಹೊಲಕ್ಕೆ ಒಯ್ಯುವ ಕೋಳಿ ಹಿಕ್ಕೆ, ಕೊನೆಗೆ ನಮ್ಮ ಚಪ್ಪಲಿ. ತಂಪಿನಲ್ಲಿ ಹಿಕ್ಕೆಯೊಳಗೆ ವೈರಾಣು ಒಂದು ತಿಂಗಳಿಗೂ ಹೆಚ್ಚು ಬದುಕಬಲ್ಲದು.

ಲಸಿಕೆ ಇಲ್ಲವೆ ಎಂದು ಕೇಳುವವರಿಗೂ ಉತ್ತರ ಹೇಳಬೇಕು. ಇದೆ. ಚೀನಾ ಎರಡು ದಶಕಗಳಿಂದ ಹಾಕುತ್ತಿದೆ. ಫ್ರಾನ್ಸ್ 2023ರ ಅಕ್ಟೋಬರಿನಿಂದ ಬಾತುಗಳಿಗೆ ಹಾಕತೊಡಗಿದೆ. ಭಾರತದ ನೀತಿ ಈವರೆಗೆ ಕೊಲ್ಲುವುದೇ. ಕಡಿಮೆ ತೀವ್ರತೆಯ ಎಚ್‌9ಎನ್‌2 ಬಗೆಗೆ ಮಾತ್ರ ಲಸಿಕೆಗೆ ಅವಕಾಶ ಕೊಟ್ಟಿದೆ. ಲಸಿಕೆ ಸಾವನ್ನು ತಡೆಯುತ್ತದೆ, ಸೋಂಕನ್ನು ಪೂರ್ತಿಯಾಗಿ ತಡೆಯುವುದಿಲ್ಲ. ಸಾಯದ ಕೋಳಿ ಸದ್ದಿಲ್ಲದೆ ವೈರಾಣು ಹಂಚಬಹುದು, ಅದನ್ನು ಹಿಡಿಯಲು ನಿರಂತರ ತಪಾಸಣೆ ಬೇಕು. ಫ್ರಾನ್ಸಿನಲ್ಲಿ ಆ ತಪಾಸಣೆಯ ವ್ಯವಸ್ಥೆ ಇದೆ. ಪಶು ಆಸ್ಪತ್ರೆಗಳಲ್ಲಿ ವೈದ್ಯರ ಹುದ್ದೆ ಖಾಲಿ ಬಿದ್ದಿರುವ ನಮ್ಮಲ್ಲಿ ಇಲ್ಲ. ದೊಡ್ಡ ಫಾರಂಗಳ ಮಟ್ಟಿಗೆ ಲಸಿಕೆಯ ಚರ್ಚೆ ನಡೆಯಲಿ. ಹಿತ್ತಲಿನ ಕೋಳಿಗೆ ಸದ್ಯ ಬೇಕಾದದ್ದು ಕೊಕ್ಕರೆ ರೋಗದ ಲಸಿಕೆ. ಅದು ಅಗ್ಗದ್ದು, ಹಳೆಯದು, ಕೆಲಸ ಮಾಡುತ್ತದೆ. ಊರಿನ ಎಲ್ಲ ಕೋಳಿಗಳಿಗೂ ಅದನ್ನು ತಪ್ಪದೆ ಹಾಕಿದ್ದರೆ ಬೇಸಿಗೆಯ ಸಾವು ಅಪರೂಪವಾಗುತ್ತದೆ, ಆಗ ಒಮ್ಮೆಲೇ ಹತ್ತು ಕೋಳಿ ಸತ್ತರೆ ಜನ ‘ಬ್ಯಾನಿ’ ಎಂದು ಸುಮ್ಮನಾಗುವುದಿಲ್ಲ. ಹಕ್ಕಿಜ್ವರವನ್ನು ಬೇಗ ಹಿಡಿಯುವ ದಾರಿ ಕೊಕ್ಕರೆ ರೋಗವನ್ನು ಇಲ್ಲವಾಗಿಸುವುದರಲ್ಲಿದೆ. ಇಷ್ಟು ಸರಳ ಸಂಗತಿ ಯಾವ ಸಭೆಯಲ್ಲೂ ಚರ್ಚೆಗೆ ಬಾರದಿರುವುದು ನನಗೆ ದುಃಖದ ವಿಷಯ.

ಈಗ ಪರಿಹಾರದ ಪ್ರಶ್ನೆಗೆ ಮರಳುತ್ತೇನೆ. ಸತ್ತ ಕೋಳಿಗೂ ದುಡ್ಡು ಕೊಟ್ಟರೆ ಮೋಸ ನಡೆಯುತ್ತದೆ, ಯಾವುದೋ ರೋಗದಿಂದ ಸತ್ತದ್ದನ್ನು ತಂದು ಕೇಳುತ್ತಾರೆ ಎಂಬ ಆಕ್ಷೇಪ ಕಚೇರಿಗಳಿಂದ ಬರುತ್ತದೆ. ಬರಲಿ. ತಂದದ್ದರಿಂದ ಮಾದರಿ ತೆಗೆಯಿರಿ. ಹಕ್ಕಿಜ್ವರ ಎಂದು ಖಚಿತವಾದ ಮನೆಗೆ ಮಾತ್ರ, ಮನೆಗೆ ಐವತ್ತು ಹಕ್ಕಿಯ ಮಿತಿಯೊಳಗೆ, ಸುದ್ದಿ ಕೊಟ್ಟ ದಿನದ ಹಿಂದಿನ ಮೂರು ದಿನಗಳಲ್ಲಿ ಸತ್ತ ಕೋಳಿಗಳಿಗೆ ಪೂರ್ತಿ ಬೆಲೆ ಕೊಡಿ. ಹಕ್ಕಿಜ್ವರ ಅಲ್ಲವೆಂದು ಬಂದರೆ ಹಣವಿಲ್ಲ, ಆದರೆ ಉಳಿದ ಕೋಳಿಗಳಿಗೆ ಅಲ್ಲೇ ಲಸಿಕೆ ಹಾಕಿ ಹೋಗಿ. ಸುದ್ದಿ ಕೊಟ್ಟ ಹೆಂಗಸು ಬರಿಗೈಯಲ್ಲಿ ಉಳಿಯಬಾರದು. ಹತ್ತು ಸುಳ್ಳು ಸುದ್ದಿ ಬಂದು ಒಂದು ನಿಜವಾದರೂ ಸರ್ಕಾರಕ್ಕೆ ಲಾಭವೇ; ಆ ಒಂದನ್ನು ಹದಿನೈದು ದಿನ ತಡವಾಗಿ ಕಂಡರೆ ಕೊಲ್ಲಬೇಕಾದ ಹಕ್ಕಿಗಳ ಸಂಖ್ಯೆ ನೂರುಗಳಲ್ಲಿ ನಿಲ್ಲುವುದಿಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ರಾಜ್ಯದಲ್ಲಿ ಸುಮಾರು 6 ಕೋಟಿ ಕೋಳಿಗಳಿವೆ. ಅವುಗಳ ಕಾವಲಿಗೆ ಇದು ದುಬಾರಿ ಖರ್ಚಲ್ಲ. 2021ರಲ್ಲಿ ಕೇರಳ ಸರ್ಕಾರ ಆಲಪ್ಪುಳ, ಕೋಟ್ಟಯಂಗಳಲ್ಲಿ ಬಾತುಗಳಿಗೆ ರೋಗ ಬಂದಾಗ ಎರಡು ತಿಂಗಳು ಮೀರಿದ ಹಕ್ಕಿಗೆ 200, ಚಿಕ್ಕದಕ್ಕೆ 100, ಮೊಟ್ಟೆಗೆ 5 ರೂಪಾಯಿ ಎಂದು ಮೊದಲ ದಿನಗಳಲ್ಲೇ ಸಾರಿ ಹೇಳಿತು. ದರ ಎಷ್ಟೆಂದು ಜನಕ್ಕೆ ಮೊದಲೇ ಗೊತ್ತಿರುವುದು ದರದಷ್ಟೇ ಮುಖ್ಯ. ನಮ್ಮ ಗ್ರಾಮ ಪಂಚಾಯಿತಿಗಳ ಗೋಡೆಯ ಮೇಲೆ ಎಷ್ಟೋ ಯೋಜನೆಗಳ ಬರಹವಿದೆ. ಕೋಳಿಗೆ ರೋಗ ಬಂದು ಕೊಲ್ಲಿಸಿದರೆ ಎಷ್ಟು ಹಣ, ಯಾರಿಂದ, ಎಷ್ಟು ದಿನದಲ್ಲಿ ಎಂದು ಬರೆದದ್ದನ್ನು ನಾನಂತೂ ಕಂಡಿಲ್ಲ. ಕಂತ್ರಾಟಿನ ರೈತನಿಗೆ ಆ ಬ್ಯಾಚಿನ ಕೂಲಿಯನ್ನು ಪರಿಹಾರದ ಹಣದಲ್ಲೇ ಬೇರ್ಪಡಿಸಿ ಅವನ ಖಾತೆಗೆ ನೇರವಾಗಿ ಹಾಕಬೇಕು. ಒಪ್ಪಂದದ ಕಾಗದದಲ್ಲಿ ಏನೇ ಬರೆದಿದ್ದರೂ ರೋಗದ ಸುದ್ದಿಯನ್ನು ಸರ್ಕಾರಕ್ಕೆ ಕೊಟ್ಟದ್ದಕ್ಕಾಗಿ ಅವನಿಗೆ ಮರಿ ನಿಲ್ಲಿಸುವಂತಿಲ್ಲ ಎಂದು ರಾಜ್ಯ ಆದೇಶ ಹೊರಡಿಸಬೇಕು.

ಸುದ್ದಿ ಹೋಗುವ ದಾರಿ ಈಗಾಗಲೇ ಇದೆ. ಪಶು ಸಂಜೀವಿನಿ ಆಂಬುಲೆನ್ಸಿನ 1962 ಸಂಖ್ಯೆ ಹಸು ಎಮ್ಮೆಗೆ ಮಾತ್ರ ಎಂದು ಜನ ತಿಳಿದಿದ್ದಾರೆ. ಕೋಳಿಗೂ ಕರೆ ಮಾಡಬಹುದೆಂದು ಡಂಗುರ ಸಾರಬೇಕು. ಸ್ವಸಹಾಯ ಸಂಘಗಳಿಂದ ಬಂದ ಪಶುಸಖಿಯರು ಹಳ್ಳಿಗಳಲ್ಲಿದ್ದಾರೆ. ಹಿತ್ತಲಿಗೆ ಸಲೀಸಾಗಿ ಹೋಗಬಲ್ಲವರು ಅವರೇ. ಮನುಷ್ಯರ ಕಡೆಯ ಕಾವಲು ಇನ್ನೂ ಸುಲಭ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೀವ್ರ ಜ್ವರ, ಉಸಿರಿನ ತೊಂದರೆ ಎಂದು ಬಂದವರನ್ನು ವೈದ್ಯರು ‘ಮನೆಯಲ್ಲಿ ಈಚೆಗೆ ಕೋಳಿ ಸತ್ತಿವೆಯಾ?’ ಎಂದು ಕೇಳಿದರೆ ಸಾಕು. ಈ ಸೋಂಕಿಗೆ ಕೊಡುವ ಓಸೆಲ್ಟಾಮಿವಿರ್ ಔಷಧ ಮೊದಲ ಎರಡು ದಿನದೊಳಗೆ ಸಿಕ್ಕರೆ ಹೆಚ್ಚು ಫಲ ಕೊಡುತ್ತದೆ, ಆಮೇಲೆ ಅದರ ಬಲ ಇಳಿಯುತ್ತದೆ. ಆಶಾ ಕಾರ್ಯಕರ್ತೆಗೂ ಪಶುಸಖಿಗೂ ಪರಸ್ಪರ ಫೋನ್ ನಂಬರ್ ಗೊತ್ತಿರಬೇಕು. ದಾವಣಗೆರೆ ಮತ್ತು ಹಾವೇರಿ ಜಿಲ್ಲೆಗಳ ಪಶುಪಾಲನಾ ಇಲಾಖೆಗಳು ಹೊಳೆಯ ಎರಡೂ ದಂಡೆಯ ಊರುಗಳಿಗೆ ಒಂದೇ ನಿಗಾ ಪಟ್ಟಿ ಇಟ್ಟುಕೊಳ್ಳಬೇಕು. ಹತ್ತು ಕಿಲೋಮೀಟರಿನ ವೃತ್ತ ಎಳೆದಾಗ ಅದು ನೀರಿನ ಅಂಚಿಗೆ ಬಂದು ನಿಲ್ಲಬಾರದು.

ಇವುಗಳಲ್ಲಿ ಹಲವು ಕೆಲಸಗಳಿಗೆ ಹೊಸ ಕಾಯ್ದೆ ಬೇಡ, ಜಿಲ್ಲಾಡಳಿತ ಮನಸ್ಸು ಮಾಡಿದರೆ ಮುಂದಿನ ಚಳಿಗಾಲದೊಳಗೆ ಆಗುತ್ತವೆ. ಪರಿಹಾರದ ನಿಯಮ ಮಾತ್ರ ಬೆಂಗಳೂರು, ದೆಹಲಿಗಳಲ್ಲಿ ತಿದ್ದುಪಡಿಯಾಗಬೇಕು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ರೈತ ಸಂಘಟನೆಗಳು ಗೋವಿನಜೋಳದ ಬೆಂಬಲ ಬೆಲೆಗೆ ರಸ್ತೆಗಿಳಿಯುವಾಗ ಈ ಬೇಡಿಕೆಯನ್ನೂ ಮನವಿಪತ್ರದಲ್ಲಿ ಬರೆಯಲಿ. ಶಾಸಕರು ಅದನ್ನು ಸದನದಲ್ಲಿ ಎತ್ತಲಿ. ಹೊಳೆಸಾಲಿನ ಅಕ್ಕತಂಗಿಯರಲ್ಲಿ ನನ್ನ ಕೋರಿಕೆ ಇಷ್ಟು: ಒಟ್ಟೊಟ್ಟಿಗೆ ಕೋಳಿ ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ, ತೂಕಡಿಸುವುದನ್ನು ಕೊಯ್ಯಬೇಡಿ, ಮಾರಬೇಡಿ, ಮಕ್ಕಳನ್ನು ದೂರವಿಡಿ, 1962ಕ್ಕೆ ಕರೆ ಮಾಡಿ. ನಿಮ್ಮ ನಷ್ಟವನ್ನು ತುಂಬಿಕೊಡುವ ಹೊಣೆ ಸರ್ಕಾರದ್ದು. ಅದನ್ನು ಕೇಳಿ ಪಡೆಯುವ ಹಕ್ಕು ನಿಮಗಿದೆ.